ಒಡಿಕತ್ತಿಗೆ ಸಿಂಹದ ಹಿಡಿ

ನವೆಂಬರ್ 8, ಶನಿವಾರ. ಆ ದಿನದ ಪುಟದಲ್ಲಿ ನಾನು ಬರೆದುಕೊಂಡದ್ದು ಇಷ್ಟೇ: ಗಾಳಿ ತೀರಾ ಕೆಟ್ಟಿದೆ, ಕಿಟಕಿ ತೆರೆಯಲಿಲ್ಲ. ತೊಗರಿಬೇಳೆ ಮುಗಿದಿದೆ. ರೂಮ್‌ಮೇಟ್‌ನ ಅಮ್ಮ ಎರಡು ಸಲ ಫೋನ್ ಮಾಡಿದರು, ಎರಡನೇ ಸಲ ಅತ್ತರು.

ದಿನಚರಿ ಬರೆಯುವುದು ನನಗೆ ಹೈಸ್ಕೂಲಿನಿಂದ ಬಂದ ಅಭ್ಯಾಸ. ನೋಯ್ಡಾದ ಒಂದು ಲೋಹ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅದು ಇನ್ನಷ್ಟು ಗಟ್ಟಿಯಾಯಿತು. ಅಲ್ಲಿ ದಿನಾಂಕ ಹಾಕದ ಕಾಗದಕ್ಕೆ ಬೆಲೆಯಿಲ್ಲ. ಬೋಲ್ಟು, ಸ್ಪ್ರಿಂಗು, ಸ್ಕೂಟರಿನ ಗೇರು ಬರುತ್ತವೆ. ನಾವು ಕತ್ತರಿಸಿ, ಉಜ್ಜಿ, ಆಸಿಡ್ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಯಾಕೆ ಮುರಿಯಿತು ಎಂದು ಬರೆದು ಕೊಡುತ್ತೇವೆ. ಮನೆ ಇಂದಿರಾಪುರಂನ ಹದಿಮೂರನೇ ಮಹಡಿಯಲ್ಲಿ. ಜೊತೆಗಿರುವ ಹುಡುಗಿ ಕೊಡಗಿನ ಕುಟುಂಬದವಳು, ಹುಟ್ಟಿ ಬೆಳೆದದ್ದು ಮಾತ್ರ ಪೂರ್ತಿ ದೆಹಲಿ. ಅವಳ ತಂದೆ ಕೇಂದ್ರ ಸರ್ಕಾರದ ನೌಕರರು, ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿ ಇದ್ದಾರೆ. ಅಣ್ಣ ಸೈನ್ಯದಲ್ಲಿ ಕ್ಯಾಪ್ಟನ್. ಅವನ ಮದುವೆ ನವೆಂಬರ್ 30ಕ್ಕೆ ನಿಶ್ಚಯವಾಗಿತ್ತು. ಹುಡುಗಿಯ ಮನೆಯವರೂ ಕೊಡಗಿನವರು, ದೆಹಲಿಯಲ್ಲೇ ನೆಲೆಸಿದವರು. ಹಾಗಾಗಿ ಮದುವೆ ಇಲ್ಲೇ, ದಂಡುಪ್ರದೇಶದ ಒಂದು ಸಭಾಂಗಣದಲ್ಲಿ.

"ಯಾರ್, ನೀನು ಚಪ್ಪಲಿ ಹಾಕ್ಕೋ," ಎಂದಳು ಅವಳು ಫೋನ್ ಇಟ್ಟು. "ಮಮ್ಮಿ ರೋ ರಹೀ ಹೈ. ಕತ್ತಿದು ಏನೋ ಆಗಿದೆ. ನಿನ್ನನ್ನೇ ಕರ್ಕೊಂಡು ಬಾ ಅಂತಿದ್ದಾಳೆ."

"ನಾನ್ಯಾಕೆ?"

"ನೀನೇ ಅಲ್ವಾ ಸ್ಟೀಲ್ ಡಾಕ್ಟರ್."

ಕತ್ತಿ ಎಂದರೆ ಒಡಿಕತ್ತಿ. ಅಗಲವಾದ, ಮುಂದಕ್ಕೆ ಬಾಗಿದ, ತುದಿಯ ಕಡೆ ತೂಕ ಹೆಚ್ಚಿರುವ ಕೊಡವರ ಕತ್ತಿ. ಮದುಮಗ ಅದನ್ನು ಸೊಂಟದ ಹಿಂದೆ ಸಿಕ್ಕಿಸಿಕೊಳ್ಳುತ್ತಾನೆ. ಮದುವೆಯಲ್ಲಿ ಸಾಲಾಗಿ ನೆಟ್ಟ ಬಾಳೆದಿಂಡುಗಳನ್ನು ಗಂಡಿನ ಕಡೆಯವರು ಒಂದೊಂದೇ ಏಟಿಗೆ ಕಡಿಯುವುದೂ ಅಂಥದೇ ಕತ್ತಿಯಿಂದ. ಈ ಮನೆಯ ಒಡಿಕತ್ತಿ ತುಂಬ ಹಳೆಯದು. ಅದನ್ನು ಇಟ್ಟುಕೊಂಡಿದ್ದವರು ನನ್ನ ಗೆಳತಿಯ ಅಜ್ಜಯ್ಯ, ಫಿರಂಗಿ ದಳದಿಂದ ಸುಬೇದಾರರಾಗಿ ನಿವೃತ್ತರಾದವರು. ಅಕ್ಟೋಬರಿನಲ್ಲಿ ಮೊಮ್ಮಗ ರಜೆಗೆ ಊರಿಗೆ ಹೋಗಿದ್ದಾಗ ಅದನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟು, "ನಿನ್ನ ಅವ್ವನಿಗೆ ಕೊಡು, ಮದುವೆಯವರೆಗೆ ಅವಳೇ ಇಟ್ಟುಕೊಳ್ಳಲಿ. ಆಮೇಲೆ ಎಲ್ಲಿ ಇರಬೇಕು ಅಂತ ನಾನು ಬಂದು ನೋಡುತ್ತೇನೆ," ಎಂದು ಹೇಳಿ ಕಳಿಸಿದ್ದರು. ಅಜ್ಜಯ್ಯನಿಗೆ ಇಬ್ಬರು ಗಂಡುಮಕ್ಕಳು. ಮೈಸೂರಿನಲ್ಲಿರುವ ಕಿರಿಯವರು ಕತ್ತಿಯನ್ನು ಎಷ್ಟೋ ಸಲ ಕೇಳಿದ್ದರಂತೆ.

ಆಂಟಿಯ, ಅಂದರೆ ಗೆಳತಿಯ ಅಮ್ಮನ, ಮನೆ ತಲುಪಿದಾಗ ಕತ್ತಿ ಊಟದ ಮೇಜಿನ ಮೇಲೆ ಇತ್ತು. ನಾನು ನಗಬಾರದಿತ್ತು, ಆದರೆ ತುಟಿ ಕಚ್ಚಿಕೊಳ್ಳಬೇಕಾಯಿತು. ಅಲಗು ಕನ್ನಡಿಯಂತೆ ಹೊಳೆಯುತ್ತಿತ್ತು. ಟ್ಯೂಬ್‌ಲೈಟು ಅದರಲ್ಲಿ ಉದ್ದಕ್ಕೆ ಕಾಣುತ್ತಿತ್ತು. ಕೊಂಬಿನ ಹಿಡಿ ಇದ್ದ ಜಾಗದಲ್ಲಿ ಹಿತ್ತಾಳೆಯ ಹಿಡಿ ಬಂದಿತ್ತು. ಅದರ ತುದಿಯಲ್ಲಿ ಬಾಯಿ ತೆರೆದ ಸಿಂಹದ ತಲೆ, ಕಣ್ಣಿಗೆ ಎರಡು ಕೆಂಪು ಗಾಜಿನ ಹರಳು.

"ಬಾರಾತ್ ಕಾ ಶೇರ್, ಮದುವೆ ಮೆರವಣಿಗೆಯ ಸಿಂಹ," ಎಂದಳು ನನ್ನ ಗೆಳತಿ. "ಮಮ್ಮಿ, ಇದಕ್ಕೆ ಒಂದು ಕುದುರೇನೂ ಬುಕ್ ಮಾಡಿಬಿಡೋಣ."

"ಬಾಯಿ ಮುಚ್ಚು," ಎಂದರು ಆಂಟಿ.

ನಡೆದದ್ದು ಇದು. ಬಟ್ಟೆ ಬಿಚ್ಚಿ ನೋಡಿದಾಗ ಅಲಗು ಕಪ್ಪು ಕಪ್ಪಾಗಿತ್ತು, ಮೈಮೇಲೆಲ್ಲ ಬಿಳಿ ಗೆರೆಗಳು, ನೀರು ಹರಿದು ಒಣಗಿದ ಕಲೆಯ ಹಾಗೆ. ಹಿಡಿ ಸ್ವಲ್ಪ ಅಲ್ಲಾಡುತ್ತಿತ್ತು. ಮಗನ ಮದುವೆಗೆ ಇಂಥ ಕೊಳಕು ಕತ್ತಿಯೇ ಎಂದು ಆಂಟಿಗೆ ಅನಿಸಿತು. ಹಳೇ ದೆಹಲಿಯಲ್ಲಿ ಮದುವೆಯ ಪೇಟ, ಹಾರ, ಮದುಮಗನ ತಲ್ವಾರು ಮಾರುವ ಓಣಿಯೊಂದಿದೆ. ಪೇಟಗಳಿಗೆ ಹೇಳಲು ಹೋದಾಗ ಕತ್ತಿಯನ್ನೂ ಒಯ್ದು ತಲ್ವಾರಿನ ಅಂಗಡಿಯಲ್ಲಿ "ಚೆನ್ನಾಗಿ ಪಾಲಿಶ್ ಮಾಡಿ, ಹಿಡಿ ಗಟ್ಟಿ ಮಾಡಿ," ಎಂದು ಕೊಟ್ಟು ಬಂದರು. ಅಂಗಡಿಯವನು ತನಗೆ ಗೊತ್ತಿದ್ದನ್ನೆಲ್ಲ ಮಾಡಿದ. ಯಂತ್ರದ ಗಾಲಿಗೆ ಹಿಡಿದು ಉಜ್ಜಿದ, ನಿಕ್ಕಲ್ ಲೇಪ ಕೊಟ್ಟ, ಹಿಡಿ ಬದಲಿಸಿದ.

ಮನೆಗೆ ತಂದ ಮೇಲೆ ಆಂಟಿ ಸಂತೋಷದಿಂದ ಫೋಟೋ ತೆಗೆದು ನಾದಿನಿಗೆ ಕಳಿಸಿದರು. ನಾದಿನಿ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಅತ್ತಿಗೆ, ಗೆರೆ ಎಲ್ಲಿ?"

"ಪ್ರತಿ ಕೈಲ್‌ಪೊಳ್ದಿಗೆ ಮಾವ ಆ ಗೆರೆ ನೋಡೋದಕ್ಕೇ ಕೂತ್ಕೊಳ್ಳೋರಂತೆ," ಎಂದರು ಆಂಟಿ. ಕೈಲ್‌ಪೊಳ್ದ್ ಎಂದರೆ ಸೆಪ್ಟೆಂಬರಿನಲ್ಲಿ ಬರುವ ಕೊಡಗಿನ ಆಯುಧಪೂಜೆ. "ನಾನು ಮದುವೆಯಾದ ವರ್ಷವೇ ದೆಹಲಿಗೆ ಬಂದವಳು. ಸೆಪ್ಟೆಂಬರಲ್ಲಿ ಇವರಿಗೆ ಎಲ್ಲಿ ರಜ ಸಿಗ್ತಿತ್ತು? ಒಂದು ಸಲಾನೂ ಆ ಹಬ್ಬಕ್ಕೆ ಊರಲ್ಲಿ ಇರಲಿಲ್ಲ. ನನಗೆ ಅದು ಕೊಳೆ ಅನ್ನಿಸ್ತು ಮಗಳೇ. ಮಾವ ನನ್ನ ಕೈಗೆ ಅಂತ ಹೇಳಿ ಕೊಟ್ಟ ವಸ್ತು ಇದೊಂದೇ."

ಅಜ್ಜಯ್ಯ ಬರುವುದು 26ಕ್ಕೆ. ಹಿಡಿ ಬದಲಾದದ್ದು ಅವರಿಗೆ ಬೇಸರ ತರಿಸಬಹುದು, ಆದರೆ ಗೆರೆ ಹೋದದ್ದನ್ನು ಕ್ಷಮಿಸುವುದಿಲ್ಲ ಎನ್ನುವುದು ಆಂಟಿಯ ಲೆಕ್ಕ. ಕತ್ತಿ ಮೈಸೂರಿಗೆ ಹೋಗುತ್ತದೆ, ಹೋಗಲಿ. "ಆದ್ರೆ ಅವಳ ಕೈಗೆ ಕೊಟ್ಟದ್ದೇ ತಪ್ಪಾಯ್ತು ಅಂತ ಅವರ ಮನಸ್ಸಿಗೆ ಬರ್ತದಲ್ಲ," ಎಂದರು.

ನೀರಿನ ಕಲೆಯಂಥ ಗೆರೆ ಎಂದ ಕೂಡಲೇ ನನಗೆ ಬೇರೆಯೇ ಯೋಚನೆ ಹತ್ತಿತ್ತು. ಹಳೆಯ ಫೋಟೋ ಏನಾದರೂ ಇದೆಯೇ ಎಂದು ಕೇಳಿದೆ. ಗೆಳತಿಯ ಅಣ್ಣ ಊರಿನಲ್ಲಿ ತೆಗೆದದ್ದೊಂದು ಫೋನಿನಲ್ಲಿ ಸಿಕ್ಕಿತು. ಬೆರಳಿಂದ ಹಿಗ್ಗಿಸಿ ನೋಡಿದೆ. ಗಾಳಿಗೆ ಕದಡಿದ ಕೆರೆಯ ಮೇಲ್ಮೈಯಂತೆ ಸಣ್ಣ ಸಣ್ಣ ಅಲೆಗಳು ಅಲಗಿನ ಉದ್ದಕ್ಕೂ ಇದ್ದವು.

"ಆಂಟಿ, ಇದು ಮೂಸೆ ಉಕ್ಕು ಇರಬಹುದು," ಎಂದೆ.

"ಅಂದ್ರೆ?"

ಅಂದರೆ ಏನು ಎಂದು ಅವತ್ತು ಹೇಳಿದ್ದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ. ನಮ್ಮ ಊರು ತುಮಕೂರಿನ ಆಚೆ. ಚಿಕ್ಕವಳಿದ್ದಾಗ ಅಲ್ಲಿಯ ಕೆರೆ ಏರಿಯ ಹಿಂದೆ ಗಾಜಿನಂತೆ ಮಿನುಗುವ ಕರಿಗಟ್ಟಿಗಳನ್ನು ಆಯ್ದು ಆಡುತ್ತಿದ್ದೆವು. ಅದು ಕಬ್ಬಿಣ ಕರಗಿಸಿದವರು ಬಿಸಾಡಿದ ಕಿಟ್ಟ ಎಂದು ತಿಳಿದದ್ದು ಎಂಜಿನಿಯರಿಂಗ್ ಓದುವಾಗ. ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ದಕ್ಷಿಣದ ಹಳ್ಳಿಗಳಲ್ಲಿ, ಕನ್ನಡನಾಡಿನಲ್ಲೂ, ತಮಿಳು ತೆಲುಗು ನಾಡುಗಳಲ್ಲೂ, ಹೀಗೊಂದು ಕೆಲಸ ನಡೆಯುತ್ತಿತ್ತು. ಮುಷ್ಟಿ ಹಿಡಿಯುವಷ್ಟು ಮಣ್ಣಿನ ಮೂಸೆ ಮಾಡಿ, ಅದರೊಳಗೆ ಮೆದು ಕಬ್ಬಿಣದ ತುಂಡು, ಒಣ ಕಟ್ಟಿಗೆಯ ಚೂರು, ಹಸಿ ಎಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚುವುದು. ಅಂಥ ಹಲವು ಮೂಸೆಗಳನ್ನು ಒಟ್ಟಿಗೆ ಇದ್ದಿಲ ಕುಲುಮೆಯಲ್ಲಿಟ್ಟು ತಿದಿ ಒತ್ತುವುದು. ಎಲೆ, ಕಟ್ಟಿಗೆಗಳ ಇಂಗಾಲ ಕಬ್ಬಿಣದೊಳಗೆ ಇಳಿದು, ಕಬ್ಬಿಣ ಕರಗಿ, ಉಕ್ಕಾಗುತ್ತದೆ. ಆಮೇಲೆ ಅವಸರ ಮಾಡದೆ ಆರಲು ಬಿಟ್ಟು ಮೂಸೆ ಒಡೆದರೆ ಒಳಗೆ ಒಂದು ಸಣ್ಣ ಬಿಲ್ಲೆ. ಆ ಬಿಲ್ಲೆಗಳು ಕರಾವಳಿಯಿಂದ ಹಡಗು ಹತ್ತಿ ಅರಬರ, ಇರಾನಿನವರ ಪೇಟೆಗಳಿಗೆ ಹೋಗಿ ಕತ್ತಿಗಳಾದವು.

ಗೆರೆ ಬರುವುದು ಹೊರಗಿನಿಂದಲ್ಲ. ಇಂಗಾಲ ಮತ್ತು ಕಬ್ಬಿಣ ಸೇರಿದ ಗಟ್ಟಿ ಕಣಗಳು ಉಕ್ಕಿನ ಒಳಗೇ ಪದರ ಪದರವಾಗಿ ಸಾಲುಗಟ್ಟುತ್ತವೆ. ಹುಳಿ ಹಚ್ಚಿದರೆ ಸುತ್ತಲಿನ ಮೆದು ಭಾಗ ಕಪ್ಪಾಗಿ, ಕಣಗಳ ಸಾಲು ಬಿಳಿಯಾಗಿ ಉಳಿಯುತ್ತದೆ. ಇನ್ನೊಂದು ಸಂಗತಿ. ಈ ಉಕ್ಕಿನ ಬಿಲ್ಲೆಗಳು ಯುರೋಪಿಗೂ ಹೋದಾಗ ಅಲ್ಲಿಯ ಕಮ್ಮಾರರು ತಮ್ಮ ಮೆದು ಕಬ್ಬಿಣಕ್ಕೆ ಮಾಡುವಂತೆ ಬೆಳ್ಳಗಾಗುವವರೆಗೆ ಕಾಯಿಸಿ ಸುತ್ತಿಗೆಯಿಂದ ಹೊಡೆದರು, ಬಿಲ್ಲೆ ಪುಡಿಯಾಯಿತು. ಮೂಸೆ ಉಕ್ಕಿಗೆ ಅಷ್ಟು ಬೆಂಕಿ ಆಗುವುದಿಲ್ಲ. ಕೆಂಪಗಿರುವಾಗಲೇ, ತಾಳ್ಮೆಯಿಂದ ಬಡಿಯಬೇಕು. ಹೆಚ್ಚು ಕಾದರೆ ಆ ಕಣಗಳು ಕರಗಿ ಹೋಗುತ್ತವೆ, ಗೆರೆ ಮತ್ತೆ ಬರುವುದಿಲ್ಲ.

ಕೊನೆಯ ಮಾತನ್ನು ಅವತ್ತು ಆಂಟಿಗೆ ಹೇಳಲಿಲ್ಲ. ಹೇಳಿದ್ದು, "ಲೇಪ ತೆಗೆದರೆ ಗೆರೆ ಒಳಗೇ ಇರ್ತದೆ, ಬರ್ತದೆ," ಎಂದು ಮಾತ್ರ. ಆದರೆ ಹಿತ್ತಾಳೆಯ ಹಿಡಿ ಅಲಗಿಗೆ ಸೇರಿದ ಕಡೆ ಬೆಸುಗೆಯ ಹಳದಿ ಅಂಚು ನನಗೆ ಕಂಡಿತ್ತು.

ಮರುದಿನ ಮೂವರೂ ಹಳೇ ದೆಹಲಿಗೆ ಹೋದೆವು. ಓಣಿಯ ತುಂಬ ಪೇಟ, ಜರಿ, ನೋಟಿನ ಹಾರ. ಅಂಗಡಿಯ ಭಯ್ಯಾ ಕತ್ತಿಯನ್ನು ನೋಡಿ ಹೆಮ್ಮೆಯಿಂದಲೇ ಎದ್ದು ಬಂದ.

"ಕ್ಯಾ ಹುವಾ ಆಂಟೀಜಿ, ಪಾಲಿಶ್ ಉಖಡ್ ಗಯಾ?"

"ಪಾಲಿಶ್ ಕಿತ್ತುಬಂದಿಲ್ಲ, ಚೆನ್ನಾಗೇ ಇದೆ," ಎಂದು ಕನ್ನಡದಲ್ಲಿ ಶುರುಮಾಡಿದ ಆಂಟಿ ಹಿಂದಿಗೆ ತಿರುಗಿದರು. "ಭಯ್ಯಾ, ಪುರಾನಾ ಹ್ಯಾಂಡಲ್ ಚಾಹಿಯೇ."

"ಆ ಮುರಿದ ಕೊಂಬಾ? ಮೈನೇ ಶೇರ್ ಲಗಾಯಾ ಹೈ, ಫ್ರೀ ಮೇ. ನಾಲ್ಕು ಜನ ಕೇಳಿದರು, ಈ ಮಾಡೆಲ್ ಎಲ್ಲಿಯದು ಅಂತ." ಇದನ್ನೂ ಅವನು ಹೇಳಿದ್ದು ಹಿಂದಿಯಲ್ಲೇ. ಅವನಿಗೆ ನಿಜವಾಗಿಯೂ ನೋವಾಗಿತ್ತು. ಬೆಸುಗೆಗೆ ಏನು ಬಳಸಿದೆ ಎಂದು ಕೇಳಿದೆ. ಗ್ಯಾಸು, ಹಿತ್ತಾಳೆ ಸಲಾಕೆ. ಎಷ್ಟು ಕಾಯಿಸಿದೆ?

"ಪಕ್ಕಾ ಕಾಮ್ ಕಿಯಾ ಹೈ ಮೇಡಂ. ಏಕ್‌ದಮ್ ಸಫೇದ್ ಹೋನೇ ತಕ್."

ಬೆಳ್ಳಗಾಗುವವರೆಗೆ. ನಾನು ಪೆನ್ನು ತೆಗೆದು ಬರೆದುಕೊಂಡೆ. ಗೆಳತಿ ನನ್ನ ಮುಖ ನೋಡಿ, "ಏನು, ಬ್ಯಾಡ್ ನ್ಯೂಸ್?" ಎಂದಳು. ಸ್ವಲ್ಪ, ಎಂದೆ.

ಅವನ ಅಟ್ಟದ ಮೇಲೆ ಮುರಿದ ಹಿಡಿಗಳ ಗೋಣಿಚೀಲ ಇತ್ತು. ಅದನ್ನು ನೆಲಕ್ಕೆ ಸುರಿದು ಹುಡುಕಿದೆವು. ಪ್ಲಾಸ್ಟಿಕ್ಕು, ಮರ, ಮಖಮಲ್ಲು ಸುತ್ತಿದ್ದು ಎಲ್ಲ ಬಂದ ಮೇಲೆ ಕೊಂಬಿನ ಹಿಡಿ ಸಿಕ್ಕಿತು. ಒಂದು ಬದಿ ಸೀಳಿತ್ತು, ಆದರೆ ಪೂರ್ತಿ ಇತ್ತು. ಆಂಟಿ ಅದನ್ನು ಸೆರಗಿನಲ್ಲೇ ಒರೆಸಿ ಕೈಚೀಲಕ್ಕೆ ಹಾಕಿಕೊಂಡರು. ಭಯ್ಯಾ ಸಿಂಹವನ್ನು ವಾಪಸ್ ಕೇಳಲಿಲ್ಲ.

ಮೆಟ್ರೋದಲ್ಲಿ ಬರುವಾಗ ಗೆಳತಿ ಕೇಳಿದಳು, "ಮೆಹ್ರೌಲಿ ಕಂಬ ಇದೆಯಲ್ಲ, ತುಕ್ಕು ಹಿಡಿಯದ್ದು, ಅದೂ ಇದೇನಾ?" ಊರಿನಿಂದ ಬಂದ ಪ್ರತಿ ಅತಿಥಿಯೂ ಇದನ್ನು ಕೇಳುತ್ತಾರೆ. ಆ ಕಂಬಕ್ಕೆ ನಾನು ಇಲ್ಲಿಯವರೆಗೆ ಹನ್ನೊಂದು ಸಲ ಜನರನ್ನು ಕರೆದೊಯ್ದಿದ್ದೇನೆ. ಅದು ಮೆದು ಕಬ್ಬಿಣ, ಉಕ್ಕಲ್ಲ. ಅದರಿಂದ ಬಾಳೆದಿಂಡು ಕಡಿಯಲಾಗುವುದಿಲ್ಲ ಎಂದೆ. "ಎತ್ತೋಕೂ ಆಗಲ್ಲ," ಎಂದಳು. ಆಂಟಿ ಅವತ್ತು ಮೊದಲ ಬಾರಿಗೆ ನಕ್ಕರು.

ಮ್ಯಾನೇಜರಿಗೆ ವಿಷಯ ಹೇಳಿ, ಶನಿವಾರ ಪ್ರಯೋಗಾಲಯದ ಒಂದು ಮೇಜು ಬಳಸಲು ಒಪ್ಪಿಗೆ ಪಡೆದೆ. ಅವರಿಗೂ ಕುತೂಹಲವಿತ್ತು. "ಒಂದು ಚೂರು ಕತ್ತರಿಸಿ ಪರೀಕ್ಷೆ ಮಾಡಿದರೆ ನಿಶ್ಚಯವಾಗಿ ಗೊತ್ತಾಗುತ್ತೆ," ಎಂದರು. ಕತ್ತರಿಸುವುದಿಲ್ಲ ಎಂದೆ. ಆಂಟಿಯನ್ನು ಈ ಪ್ರಶ್ನೆ ಕೇಳುವುದಕ್ಕೂ ನನಗೆ ಮನಸ್ಸಾಗಲಿಲ್ಲ.

15ನೇ ತಾರೀಖು ಇಡೀ ದಿನ ಹಿಡಿಯಿತು. ಮೊದಲು ಹಿತ್ತಾಳೆಯನ್ನು ಅರದಿಂದ ಸ್ವಲ್ಪ ಸ್ವಲ್ಪವೇ ತೆಗೆದೆ. ಮತ್ತೆ ಕಾಯಿಸುವ ಹಾಗಿರಲಿಲ್ಲ. ಆಮೇಲೆ ಕೆಂಪು ಬಣ್ಣದ ದ್ರವ ಹಚ್ಚಿ ಬಿರುಕು ಹುಡುಕಿದೆ. ಕೂದಲೆಳೆಯಷ್ಟು ಬಿರುಕಿದ್ದರೂ ಬಣ್ಣ ಅದರೊಳಗೆ ಇಳಿದು, ಮೇಲೆ ಬಿಳಿ ಪುಡಿ ಹಾಕಿದಾಗ ಕೆಂಪಗೆ ಕಾಣುತ್ತದೆ. ಈ ಪರೀಕ್ಷೆಯೇ ನನಗೆ ಮುಖ್ಯವಾಗಿತ್ತು. ಗೆರೆ ಇಲ್ಲದ ಕತ್ತಿಯಿಂದ ಬಾಳೆ ಕಡಿಯಬಹುದು. ಬಿರುಕು ಬಿಟ್ಟ ಕತ್ತಿಯಿಂದ ಕಡಿದರೆ ಅಲಗು ಯಾರ ಮೇಲೆ ಹಾರುತ್ತದೋ. ಎರಡು ಸಲ ಮಾಡಿದೆ. ಬಿರುಕು ಇರಲಿಲ್ಲ.

ನಂತರ ನೀರು ಹಾಕಿಕೊಂಡು ಎಮರಿ ಕಾಗದದಿಂದ ಕೈಯಲ್ಲೇ ಉಜ್ಜಿದೆ, ಒರಟಿನಿಂದ ನಯಕ್ಕೆ. ಮಧ್ಯಾಹ್ನದ ಹೊತ್ತಿಗೆ ನಿಕ್ಕಲ್ಲಿನ ಹಳದಿ ಛಾಯೆ ಹೋಗಿ ಉಕ್ಕಿನ ಬೂದುಬಣ್ಣ ಬಂತು. ಗೆಳತಿ ಪೂರಿಪಲ್ಯದ ಡಬ್ಬಿ ತಂದು, ಒಂದಷ್ಟು ಹೊತ್ತು ತಾನೂ ಉಜ್ಜಿ, "ಇದನ್ನೇ ದಿನಾ ಮಾಡ್ತೀಯಾ? ನನ್ನ ಎಕ್ಸೆಲ್ಲೇ ಬೆಟರ್," ಎಂದಳು.

ಗೆರೆ ಎಬ್ಬಿಸಲು ಪ್ರಯೋಗಾಲಯದ ಆಸಿಡ್ಡೇ ಸಾಕಿತ್ತು. ಆದರೆ ಅದರ ಕಪ್ಪು ಬೇರೆ, ಫೋಟೋದ ಕಪ್ಪು ಬೇರೆ. ಅಜ್ಜಯ್ಯ ಏನು ಹಚ್ಚುತ್ತಿದ್ದರು ಎಂದು ಗೆಳತಿ ತನ್ನ ಸೋದರತ್ತೆಗೆ ಫೋನ್ ಮಾಡಿ ಕೇಳಿದಳು. ಉತ್ತರ: ಕಾಚಂಪುಳಿ. ಹಂದಿಮಾಂಸದ ಪಂದಿಕರಿಗೆ ಹಾಕುವ, ಕೊಡಗಿನ ಪ್ರತಿ ಅಡುಗೆಮನೆಯಲ್ಲೂ ಇರುವ, ಕಾಡುಹಣ್ಣಿನ ರಸ ಕುದಿಸಿ ಮಾಡಿದ ಗಟ್ಟಿ ಕಪ್ಪು ಹುಳಿ. ಹಬ್ಬದ ಹಿಂದಿನ ದಿನ ಅದನ್ನು ಅಲಗಿಗೆ ಸವರಿ, ಕಾದು, ತೊಳೆದು, ಎಣ್ಣೆ ಹಚ್ಚುತ್ತಿದ್ದರಂತೆ. ಇಂದಿರಾಪುರಂನ ನಮ್ಮ ಫ್ರಿಜ್ಜಿನ ಬಾಗಿಲಲ್ಲೇ ಅದರ ಬಾಟಲಿ ಇತ್ತು. ಕತ್ತಿಯನ್ನು ಮನೆಗೆ ತಂದೆವು.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಅಲಗನ್ನು ಮಲಗಿಸಿ, ಕಾಚಂಪುಳಿಗೆ ಬಿಸಿನೀರು ಬೆರೆಸಿ ಹತ್ತಿಯಿಂದ ಸವರಿದೆ. ಮೊದಲು ಏನೂ ಕಾಣಲಿಲ್ಲ. ಕಾಫಿ ಕುಡಿದು ಬಂದೆವು. ಒರೆಸಿ, ಮತ್ತೆ ಸವರಿದೆ. ನಾಲ್ಕನೇ ಸಲಕ್ಕೆ ಬೂದು ಕಪ್ಪಿಗೆ ತಿರುಗಿ, ಅದರ ಮೇಲೆ, ತುದಿಯ ಕಡೆಯಿಂದ, ಒಂದು ಅಲೆ ಎದ್ದಿತು. ನಂತರ ಅದರ ಪಕ್ಕದಲ್ಲಿ ಇನ್ನೊಂದು. ಗೆಳತಿ ಫೋನ್ ಎತ್ತಿ ವಿಡಿಯೊ ಮಾಡತೊಡಗಿದಳು, ಎಡಗೈಯಿಂದ ನನ್ನ ಭುಜ ಹಿಡಿದುಕೊಂಡು. ಮಧ್ಯಾಹ್ನದ ಹೊತ್ತಿಗೆ ಅಲಗಿನ ಬಹುಭಾಗ ಫೋಟೋದಲ್ಲಿದ್ದಂತೆಯೇ ಆಗಿತ್ತು.

ಬಹುಭಾಗ. ಹಿಡಿಯ ಪಕ್ಕದ ಮೂರು ಬೆರಳಿನಷ್ಟು ಜಾಗ ಬರಿದಾಗಿಯೇ ಉಳಿಯಿತು. ಅಲ್ಲಿ ಕಪ್ಪು ಇತ್ತು, ಗೆರೆ ಇರಲಿಲ್ಲ. ಎಷ್ಟು ಹಚ್ಚಿದರೂ ಬರಲಿಲ್ಲ. ಬರುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಅಲೆಗಳು ಬಂದು, ಒಂದು ಅಂಚಿನಲ್ಲಿ ಮಸುಕಾಗಿ, ನಿಂತುಬಿಡುತ್ತಿದ್ದವು.

"ಅದನ್ನು ನೀನು ಬರೆದುಬಿಡೋಕೆ ಆಗಲ್ವಾ?" ಎಂದಳು ಗೆಳತಿ.

ಆಗುತ್ತದೆ. ಉಗುರಿಗೆ ಹಚ್ಚುವ ಬಣ್ಣದಿಂದ ಸಣ್ಣ ಕುಂಚದಲ್ಲಿ ಗೆರೆ ಎಳೆದು, ಮೇಲೆ ಆಸಿಡ್ ಹಚ್ಚಿದರೆ, ಬಣ್ಣದ ಅಡಿಯ ಜಾಗ ಬಿಳಿಯಾಗಿ ಉಳಿದು, ಮಿಕ್ಕದ್ದು ಕಪ್ಪಾಗುತ್ತದೆ. ಆ ವಾರ ಹಳೆಯ ಗರಗಸದ ತುಂಡೊಂದರ ಮೇಲೆ ಅದನ್ನು ಮಾಡಿ ನೋಡಿದೆ. ಮೊದಲನೆಯದು ಮಕ್ಕಳು ಬರೆದಂತಿತ್ತು. ಮೂರನೆಯದು ಚೆನ್ನಾಗಿ ಬಂತು.

22ಕ್ಕೆ ಆಂಟಿ ನಮ್ಮ ಮನೆಗೆ ಬಂದರು. ಕತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಕೂತು, ಕನ್ನಡಕ ಹಾಕಿ, ಬಹಳ ಹೊತ್ತು ನೋಡಿದರು. "ಇದನ್ನ ನಾನು ಕೊಳೆ ಅಂದೆನಲ್ಲ," ಎಂದರು. ನಾನು ಬರಿದಾದ ಜಾಗ ತೋರಿಸಿ, ಯಾಕೆ ಹಾಗಾಯಿತು ಎಂದು ಹೇಳಿದೆ. ಆಮೇಲೆ ಗರಗಸದ ತುಂಡು ಕೊಟ್ಟೆ.

"ಇದು ನೀನು ಬರೆದದ್ದಾ?"

"ಹೌದು ಆಂಟಿ."

"ಪರ್ಫೆಕ್ಟ್ ಅಲ್ವಾ ಮಮ್ಮಿ? ಅಜ್ಜಯ್ಯಂಗೆ ಹೇಗಿದ್ರೂ ಕ್ಯಾಟರಾಕ್ಟ್ ಆಪರೇಷನ್ ಆಗಿದೆ. ಚಲೋ, ಡನ್."

"ಆಪರೇಷನ್ ಆದ ಮೇಲೆ ಕಣ್ಣು ಚೆನ್ನಾಗಿ ಕಾಣ್ತದೆ ಕಣೇ," ಎಂದರು ಆಂಟಿ. ತುಂಡನ್ನು ಬೆಳಕಿಗೆ ಹಿಡಿದರು, ಕತ್ತಿಯ ಪಕ್ಕದಲ್ಲಿಟ್ಟರು. "ವರ್ಷ ವರ್ಷ ಕಾಚಂಪುಳಿ ತಿಕ್ಕಿದ್ರೆ ಇದು ಇರ್ತದಾ?"

"ಇರಲ್ಲ. ಇದು ಮೇಲಿನದು. ಎರಡು ಮೂರು ವರ್ಷಕ್ಕೆ ಅಳಿಸಿಹೋಗ್ತದೆ. ಮತ್ತೆ ಬರೀಬೇಕು."

"ಆಗ ನೀನು ಎಲ್ಲಿರ್ತೀಯೋ." ಅವರು ತುಂಡನ್ನು ನನಗೆ ವಾಪಸ್ ಕೊಟ್ಟರು. "ಮತ್ತೆ ಒಳಗಿರೋದು ನಿಜ, ಈ ಹಿಡಿ ಹತ್ತಿರದ್ದು ಸುಳ್ಳು ಅಂತ ನಾನೊಬ್ಬಳೇ ನೆನಪಿಟ್ಟುಕೊಂಡು ಕೂತಿರಬೇಕು. ಬೇಡ. ಇದ್ದ ಹಾಗೇ ಇರಲಿ. ಮಾವನಿಗೆ ಸ್ಟೇಷನ್ನಲ್ಲೇ ಹೇಳಿಬಿಡ್ತೀನಿ."

ಕೊಂಬಿನ ಹಿಡಿಯನ್ನು ಹೊಸ ಮೊಳೆ ಹಾಕಿ ಕೂರಿಸಿದೆವು. ಸೀಳಿಗೆ ಅಂಟು ತುಂಬಿದೆ. ಈ ಸಲ ಅಲ್ಲಾಡಲಿಲ್ಲ.

26, ಬುಧವಾರ. ಆಫೀಸು ಮುಗಿಸಿ ನಾನೂ ಗೆಳತಿಯೂ ಆರ್.ಕೆ.ಪುರಂಗೆ ಹೋದಾಗ ಅಜ್ಜಯ್ಯ ಬಂದು ಸ್ನಾನ ಮಾಡಿ ಹಿಂದಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡಿದ್ದರು. ಎತ್ತರದ ಮನುಷ್ಯ, ಮಂಕಿಕ್ಯಾಪು, ಅದರ ಮೇಲೆ ಮಫ್ಲರು. ಆಂಟಿ ಅಡುಗೆಮನೆಯಲ್ಲಿದ್ದರು. ಸ್ಟೇಷನ್ನಿನಲ್ಲಿ ಹೇಳಲು ಆಗಿರಲಿಲ್ಲ. ಸಾಮಾನು, ಕೂಲಿ, ಟ್ಯಾಕ್ಸಿ, ಮಧ್ಯೆ ಅವರ ಕೆಮ್ಮು. ಮನೆಗೆ ಬಂದ ಮೇಲೆ ಅವರೇ ಕತ್ತಿ ತರಿಸಿಕೊಂಡರು.

ಅದು ಅವರ ಮೊಣಕಾಲ ಮೇಲಿತ್ತು. ಅಂಗಳದ ದೀಪದ ಬೆಳಕಿನಲ್ಲಿ ಅವರು ಹೆಬ್ಬೆರಳನ್ನು ತುದಿಯಿಂದ ಹಿಡಿಯ ಕಡೆಗೆ ಎಳೆದುಕೊಂಡು ಬಂದರು. ಬೆರಳು ಬರಿದಾದ ಜಾಗದ ಅಂಚಿನಲ್ಲಿ ನಿಂತಿತು.

"ಇಲ್ಲಿ ಎಂತ ಆಯಿತು?"

ಆಂಟಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ನಿಂತೇ ಹೇಳಿದರು. ಕಲೆ ಅಂದುಕೊಂಡದ್ದು, ಅಂಗಡಿ, ನಿಕ್ಕಲ್ಲು, ಸಿಂಹ, ಎಲ್ಲವನ್ನೂ, ಒಂದನ್ನೂ ಬಿಡದೆ. ಕೊನೆಗೆ, "ನಾನೇ ಕೊಟ್ಟದ್ದು ಮಾವ. ಇವರಿಗೂ ಹೇಳದೆ ಕೊಟ್ಟೆ," ಎಂದರು.

ಅಜ್ಜಯ್ಯ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗೆ ತೆಗೆದುಕೊಂಡು ಹೋದರು. ಊಟದಲ್ಲಿ ಅನ್ನ ಬೇಕೆಂದಷ್ಟೇ ಹೇಳಿದರು. ಆಂಟಿ ಬಡಿಸಿದರು. ಆ ರಾತ್ರಿಯ ಪುಟದಲ್ಲಿ ಬರೆಯಲು ನನಗೆ ಹೆಚ್ಚೇನೂ ಸಿಗಲಿಲ್ಲ.

ಮದುವೆಯ ಕೆಲಸಕ್ಕೆಂದು ಗುರುವಾರ, ಶುಕ್ರವಾರ ನಾವಿಬ್ಬರೂ ರಜ ಹಾಕಿ ಅಲ್ಲಿಯೇ ಉಳಿದಿದ್ದೆವು. ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ಅಜ್ಜಯ್ಯ ಅಂಗಳದಲ್ಲಿ ಕಾಚಂಪುಳಿಯ ಬಾಟಲಿ ಇಟ್ಟುಕೊಂಡು ಆ ಮೂರು ಬೆರಳಿನಷ್ಟು ಜಾಗವನ್ನೇ ತಿಕ್ಕುತ್ತಿದ್ದರು. ಸವರುವುದು, ಕಾಯುವುದು, ಒರೆಸಿ ನೋಡುವುದು. ಟೀ ಆರಿಹೋಗಿತ್ತು. ಹನ್ನೊಂದಾದರೂ ಬಿಡಲಿಲ್ಲ. ಆಂಟಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು. ಕೊನೆಗೆ ಅಜ್ಜಯ್ಯ ನನ್ನನ್ನು ಕರೆದರು.

"ನೀನು ಈ ವಿಷಯ ಓದಿದವಳಂತೆ. ಇದು ಬರುವುದಿಲ್ಲವಾ?"

"ಬರುವುದಿಲ್ಲ ಅಜ್ಜಯ್ಯ."

"ಯಾಕೆ?"

ಹೇಳಿದೆ. ಮೂಸೆ, ಕಣ, ಬೆಂಕಿ. ಆಂಟಿಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ. ಅವರು ತಲೆಯಾಡಿಸಿದರು. "ಫಿರಂಗಿಯ ನಳಿಕೆಯೂ ಹಾಗೆ. ಅತಿಯಾಗಿ ಕಾದರೆ ಮುಗಿಯಿತು, ತಣ್ಣಗಾದ ಮೇಲೆ ಮೊದಲಿನದಾಗುವುದಿಲ್ಲ." ಬಾಟಲಿಯ ಮುಚ್ಚಳ ಹಾಕಿದರು. "ಉಳಿದದ್ದನ್ನು ಎಬ್ಬಿಸಿದ್ದು ಯಾರು?"

"ನಾವು ಮೂವರೂ ಸೇರಿ."

"ಬಾಳೆ ಕಡಿದರೆ ನಿಲ್ಲುತ್ತದಾ?"

"ಬಿರುಕಿಲ್ಲ. ಎರಡು ಸಲ ನೋಡಿದ್ದೇನೆ."

"ಆ ಸಿಂಹ ಎಲ್ಲಿ?"

ಗೆಳತಿ ಓಡಿಹೋಗಿ ತಂದಳು. ಅಜ್ಜಯ್ಯ ಅದನ್ನು ಕೈಯಲ್ಲಿ ತೂಗಿ, ಬಾಯಿಯೊಳಗೆ ಬೆರಳಿಟ್ಟು ನೋಡಿ, ಕಿಟಕಿಯ ಕಡೆ ತಿರುಗಿ ಸೊಸೆಗೆ ಕೇಳಿಸುವಂತೆ ಹೇಳಿದರು: "ಮದುಮಗನಿಗಿಂತ ಇದೇ ಚೆಂದ ಉಂಟು."

ಸ್ವಲ್ಪ ಹೊತ್ತಿಗೆ ಆಂಟಿ ಹೊಸ ಟೀ ತಂದು ಅವರ ಪಕ್ಕದಲ್ಲಿಟ್ಟರು. ಕಣ್ಣು ಕೆಂಪಾಗಿತ್ತು.

30ರಂದು ಸಭಾಂಗಣದ ಮುಂದಿನ ಹುಲ್ಲಿನ ಮೇಲೆ ಬಾಳೆದಿಂಡುಗಳನ್ನು ನೆಟ್ಟಿದ್ದರು. ಪೂಜೆಗೆಂದು ಮಾರುಕಟ್ಟೆಯಲ್ಲಿ ಸಿಗುವ ತೆಳು ದಿಂಡುಗಳಲ್ಲ. ಆಂಟಿಯ ತಮ್ಮ ಎಲ್ಲಿಂದಲೋ ಹುಡುಕಿ ತಂದ ದಪ್ಪನೆಯವು, ತಲೆಗೆ ಹೂ ಸಿಕ್ಕಿಸಿದವು. ಕಡಿಯುವವರೂ ಅವರೇ, ಮದುಮಗನ ಸೋದರಮಾವ. ಕತ್ತಿ ಬಟ್ಟೆಯಲ್ಲಿ ಅಜ್ಜಯ್ಯನ ಕೈಯಲ್ಲಿತ್ತು. ಹೊತ್ತು ಬಂದಾಗ ಅವರು ಅದನ್ನು ನೇರವಾಗಿ ಕೊಡಲಿಲ್ಲ. ಹೆಂಗಸರ ಸಾಲಿನಲ್ಲಿದ್ದ ಸೊಸೆಯನ್ನು ಕರೆದು, "ಇಟ್ಟುಕೊಂಡವಳು ನೀನು, ನೀನೇ ಕೊಡು," ಎಂದರು. ಆಂಟಿ ಬಟ್ಟೆ ಬಿಚ್ಚಿ ತಮ್ಮನ ಕೈಗೆ ಕೊಟ್ಟರು.

ನನ್ನ ಕಣ್ಣು ಹಿಡಿಯ ಪಕ್ಕದ ಆ ಜಾಗದ ಮೇಲೇ ಇತ್ತು. ಮೊದಲ ಏಟಿಗೆ ದಿಂಡು ಓರೆಯಾಗಿ ಜಾರಿ ಬಿತ್ತು. ಎರಡನೆಯದೂ ಹಾಗೆಯೇ. ಮೂರನೆಯದು ಬೀಳುವ ಮೊದಲು ಒಂದು ಕ್ಷಣ ನಿಂತೇ ಇತ್ತು. ಏಟು ತಪ್ಪಿತೇನೋ ಎಂದುಕೊಳ್ಳುವಷ್ಟರಲ್ಲಿ ಮೇಲಿನ ಅರ್ಧ ಹೂವಿನ ಸಮೇತ ಹುಲ್ಲಿಗೆ ಉರುಳಿತು. ವಾಲಗದವರು ಜೋರಾಗಿ ಬಾರಿಸಿದರು.

ಬಾಳೆಯ ಹಾಲು ಅಲಗಿನ ಮೇಲೆಲ್ಲ ಹರಿದಿತ್ತು. ಅದು ಉಕ್ಕಿಗೆ ಕಪ್ಪು ಹಿಡಿಸುತ್ತದೆ. ಊಟದ ಗದ್ದಲದಲ್ಲಿ ಸಭಾಂಗಣದ ಹಿಂದಿನ ನಲ್ಲಿಯ ಬಳಿ ಹೋದಾಗ, ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಆಂಟಿ ಕತ್ತಿ ತೊಳೆಯುತ್ತಿದ್ದರು. ಕೈ ಹಾಕಲು ಹೋದೆ. "ಬೇಡ, ನಾನೇ," ಎಂದರು. ನೀರಿಂದ ತೊಳೆದು, ಒಣಬಟ್ಟೆಯಿಂದ ಒರೆಸಿ, ಪರ್ಸಿನಿಂದ ತೆಂಗಿನೆಣ್ಣೆಯ ಸಣ್ಣ ಬಾಟಲಿ ತೆಗೆದು ಸವರಿದರು. ತಿಕ್ಕಲಿಲ್ಲ.

ಡಿಸೆಂಬರ್ 4ರಂದು ಅಜ್ಜಯ್ಯ ಹೊರಟರು. ನಾನು ಆಫೀಸಿನಿಂದ ನೇರವಾಗಿ ನಿಜಾಮುದ್ದೀನ್ ಸ್ಟೇಷನ್ನಿಗೆ ಹೋದೆ. ಸಾಮಾನು ಎಣಿಸುವುದು ನನ್ನ ಸ್ವಭಾವ: ಒಂದು ಸೂಟ್‌ಕೇಸು, ಒಂದು ಹೋಲ್ಡಾಲು, ಸ್ವೀಟಿನ ಚೀಲ, ನೀರಿನ ಬಾಟಲಿ. ಉದ್ದನೆಯ ಬಟ್ಟೆಯ ಗಂಟು ಇರಲಿಲ್ಲ. ಆಂಟಿಯ ಮುಖ ನೋಡಿದೆ.

"ಮನೇಲೇ ಇದೆ," ಎಂದರು ಮೆಲ್ಲಗೆ. "ಅಲ್ಮೆರಾ ಮೇಲೆ."

ರೈಲು ಹೊರಡುವ ಮೊದಲು ಅಜ್ಜಯ್ಯ ಕಿಟಕಿಯಿಂದ ಸೊಸೆಗೆ ಹೇಳಿದರು, "ಸೆಪ್ಟೆಂಬರಿಗೆ ಕಾಚಂಪುಳಿ ಕಳಿಸುತ್ತೇನೆ. ಪಂದಿಕರಿಗೆ ಹಾಕಿ ಮುಗಿಸಬೇಡ." ಆಂಟಿ ತಲೆಯಾಡಿಸಿದರು.

ಸಿಂಹ ಇಂದಿರಾಪುರಂನ ನಮ್ಮ ಮನೆಯಲ್ಲಿದೆ. ಗಾಳಿಗೆ ಬಾಲ್ಕನಿಯ ಬಾಗಿಲು ಬಡಿದುಕೊಳ್ಳದಂತೆ ಅದನ್ನು ಅಡ್ಡ ಇಡುತ್ತೇವೆ. ಒಂದು ಕಣ್ಣಿನ ಕೆಂಪು ಹರಳು ಬಿದ್ದುಹೋಗಿದೆ.